ಎಳ್ಳ ಅಮಾವಾಸ್ಯೆ: ಉಣಿಸಿ ಉಣ್ಣುವ ಹಬ್ಬ

ವರ್ಷದಲ್ಲಿ ಒಂದು ದಿನ ಮಧ್ಯಾಹ್ನದ ಹೊತ್ತಿಗೆ ಬೀದರ ಅಥವಾ ಕಲಬುರ್ಗಿಯ ಬಜಾರಿನಲ್ಲಿ ನಿಂತು ನೋಡಬೇಕು. ಬಹುತೇಕ ಅಂಗಡಿಗಳ ಬಾಗಿಲು ಹಾಕಿರುತ್ತದೆ. ಓಣಿಗಳಲ್ಲಿ ಹುಡುಗರ ಗದ್ದಲವಿರುವುದಿಲ್ಲ. ಹೊಸದಾಗಿ ವರ್ಗವಾಗಿ ಬಂದ ನೌಕರರು ಯಾವುದೋ ಬಂದ್ ಇರಬೇಕೆಂದು ತಿಳಿದರೆ ಅದು ಅವರ ತಪ್ಪಲ್ಲ. ಊರಿನ ಜನ ಎಲ್ಲೂ ಅಡಗಿಲ್ಲ. ಬುತ್ತಿ ಕಟ್ಟಿಕೊಂಡು, ಮಕ್ಕಳುಮರಿಗಳೊಂದಿಗೆ ಹೊಲಕ್ಕೆ ಹೋಗಿದ್ದಾರೆ. ಹೊಲವಿಲ್ಲದವರು ಹೊಲವಿದ್ದವರು ಕರೆದಲ್ಲಿಗೆ ಹೋಗಿದ್ದಾರೆ. ಈ ದಿನ ಮನೆಯಲ್ಲಿ ಕುಳಿತು ಉಣ್ಣುವವನು ಒಂದೋ ಕಾಯಿಲೆಯವನು, ಇಲ್ಲವೇ ಯಾರೂ ಕರೆಯದವನು.

ಇದು ಎಳ್ಳ ಅಮಾವಾಸ್ಯೆ; ಮಾರ್ಗಶಿರ ಮಾಸದ ಕೊನೆಯ ದಿನ. ನಮ್ಮ ಚಾಂದ್ರಮಾನ ವರ್ಷಕ್ಕೆ 354 ದಿನಗಳು. ಅದನ್ನು ಸೂರ್ಯನ ವರ್ಷಕ್ಕೆ ಹೊಂದಿಸಲು ಆಗಾಗ ಅಧಿಕ ಮಾಸ ಬರುತ್ತದೆ. ಹೀಗಾಗಿ ಹಬ್ಬವು ಡಿಸೆಂಬರ್ ನಡುಭಾಗದಿಂದ ಜನವರಿ ನಡುಭಾಗದವರೆಗೆ ಹಿಂದೆ ಮುಂದೆ ಸರಿದಾಡುತ್ತದೆ. 2024ರಲ್ಲಂತೂ ಅದು ಎರಡು ಸಲ ಬಂತು: ಜನವರಿ 11ರಂದು ಒಮ್ಮೆ, ಡಿಸೆಂಬರ್ 30ರಂದು ಇನ್ನೊಮ್ಮೆ. ಗೋಡೆಯ ಕ್ಯಾಲೆಂಡರಿನಲ್ಲಿ ಇದು ವಿಚಿತ್ರವಾಗಿ ಕಾಣಬಹುದು. ಹೊಲದ ಲೆಕ್ಕದಲ್ಲಿ ವಿಚಿತ್ರವೇನಿಲ್ಲ. ಹಬ್ಬ ಯಾವ ತಾರೀಖಿಗೆ ಬಂದರೂ ಹಿಂಗಾರಿ ಪೈರು ಆಗ ಹೊಲದಲ್ಲಿ ನಿಂತೇ ಇರುತ್ತದೆ.

ಹಬ್ಬದ ಮರ್ಮವಿರುವುದು ಈ ನಿಂತ ಪೈರಿನಲ್ಲಿ. ಬೀದರ, ಕಲಬುರ್ಗಿ, ವಿಜಯಪುರ, ಬಾಗಲಕೋಟೆ, ಗದಗ, ಧಾರವಾಡ, ಕೊಪ್ಪಳ, ರಾಯಚೂರುಗಳ ಬಹುಭಾಗ ಎರೆಮಣ್ಣಿನ ನಾಡು. ಈ ಕರಿಮಣ್ಣು ಮಳೆಗಾಲದಲ್ಲಿ ಕುಡಿದ ನೀರನ್ನು ತಿಂಗಳುಗಟ್ಟಲೆ ಒಡಲಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಬಿತ್ತಿದ ಬಿಳಿಜೋಳ, ಕಡಲೆ, ಕುಸುಬೆ, ಗೋಧಿ, ಅಗಸೆಗಳು ಆಮೇಲೆ ಮಳೆ ಬಾರದಿದ್ದರೂ ಈ ತೇವ ಮತ್ತು ಚಳಿಗಾಲದ ಇಬ್ಬನಿಯ ಬಲದಲ್ಲೇ ಬೆಳೆಯುತ್ತವೆ. ಎಳ್ಳ ಅಮಾವಾಸ್ಯೆಯ ಹೊತ್ತಿಗೆ ಜೋಳ ಹೊಡೆ ಹಿರಿದು ತೆನೆ ಹೊರಗೆ ಚಾಚುತ್ತಿರುತ್ತದೆ. ಕಡಲೆ ಹೂವಾಗಿ ಕಾಯಿ ಕಟ್ಟುತ್ತಿರುತ್ತದೆ. ಕಾಳು ಇನ್ನೂ ಗಟ್ಟಿಯಾಗಿಲ್ಲ, ರಾಶಿಗೆ ತಿಂಗಳುಗಳಿವೆ. ಅಂದರೆ ಇದು ಸುಗ್ಗಿಯ ಹಬ್ಬವಲ್ಲ, ಬೆಳೆ ಬಂದ ಸಂತೋಷಕ್ಕೆ ಮಾಡುವುದೂ ಅಲ್ಲ. ಬರುತ್ತದೋ ಇಲ್ಲವೋ ಎಂದು ಇನ್ನೂ ತಿಳಿಯದ ಹೊತ್ತಿನಲ್ಲಿ ಮಾಡುವ ಹಬ್ಬ.

ಹಳ್ಳಿಯವರು ಇದನ್ನು ಒಂದೇ ಮಾತಿನಲ್ಲಿ ಹೇಳುತ್ತಾರೆ: ಭೂಮಿತಾಯಿ ಬಸುರಿ. ಬಸುರಿಗೆ ಬಯಕೆ ಇರುತ್ತದೆ. ಮನೆಯ ಮಗಳು ಬಸುರಾದಾಗ ತವರಿನವರು ಬುತ್ತಿ ಕಟ್ಟಿಕೊಂಡು ಹೋಗಿ ಉಣಿಸುವುದಿಲ್ಲವೇ, ಹಾಗೆಯೇ ಹೊಲಕ್ಕೂ ಉಣಿಸಬೇಕು. ಮುಂಗಾರಿ ಪೈರಿಗೆ ಆಶ್ವಯುಜದ ಶೀಗಿ ಹುಣ್ಣಿಮೆಯಲ್ಲಿ ಈ ಉಪಚಾರ ನಡೆಯುತ್ತದೆ. ಹಿಂಗಾರಿಗೆ ಎಳ್ಳ ಅಮಾವಾಸ್ಯೆಯಲ್ಲಿ. ಮಲೆನಾಡಿನ ಓದುಗರಿಗೆ ಇದು ಹೊಸದಲ್ಲ. ಅಲ್ಲಿ ಅದೇ ಆಶ್ವಯುಜದ ಹುಣ್ಣಿಮೆ ‘ಭೂಮಿ ಹುಣ್ಣಿಮೆ’ಯಾಗುತ್ತದೆ. ಹೆಂಗಸರು ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯಲ್ಲಿ ಹತ್ತಾರು ಸೊಪ್ಪುಗಳನ್ನು ಬೇಯಿಸಿದ ಹಚ್ಚಂಬಲಿ ತುಂಬಿ ಗದ್ದೆಗೆ ಕಳಿಸುತ್ತಾರೆ. ಬೆಳೆ ಬೇರೆ, ತಿಥಿ ಬೇರೆ, ಭಾವ ಒಂದೇ.

ಇನ್ನು ಅಡುಗೆಯ ಮಾತು. ಹಬ್ಬಕ್ಕೆ ವಾರ ಮೊದಲೇ ಸಿದ್ಧತೆ ಶುರುವಾಗುತ್ತದೆ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಮತ್ತು ಜೋಳದ ರೊಟ್ಟಿಗಳನ್ನು ತೆಳ್ಳಗೆ ಬಡಿದು, ಸುಟ್ಟು, ಖಡಕ್ಕಾಗಿ ಒಣಗಿಸಿ ಇಡುತ್ತಾರೆ. ತೇವವಿಲ್ಲದ ಈ ರೊಟ್ಟಿ ದಿನಗಟ್ಟಲೆ ಕೆಡುವುದಿಲ್ಲ. ಶೇಂಗಾ, ಅಗಸಿ, ಗುರೆಳ್ಳಿನ ಚಟ್ನಿಪುಡಿಗಳೂ ಹಾಗೆಯೇ. ಶೇಂಗಾ ಹೋಳಿಗೆ, ಕರಚಿಕಾಯಿಗಳು ಒಂದೆರಡು ದಿನ ಮೊದಲು. ಹಬ್ಬದ ಹಿಂದಿನ ರಾತ್ರಿ ಮಾತ್ರ ಒಲೆ ಆರುವುದೇ ಇಲ್ಲ. ಎಣ್ಣೆಗಾಯಿ ಬದನೆ, ಪುಂಡಿಪಲ್ಯ, ಸಜ್ಜಿ ಕಡಬು, ಮಾದಲಿ, ಬುತ್ತಿಯನ್ನ, ಗಡಿಗೆಯಲ್ಲಿ ಕೆನೆಮೊಸರು. ಪಟ್ಟಿಯನ್ನು ಗಮನವಿಟ್ಟು ನೋಡಿದರೆ ಇದರಲ್ಲಿ ಬಹುಪಾಲು ಬಂಡಿಯಲ್ಲಿ ಕುಲುಕಾಡಿದರೂ ಕೆಡದ, ಎಲೆಯಿಲ್ಲದೆ ಕೈಯಲ್ಲಿ ಹಿಡಿದೇ ತಿನ್ನಬಹುದಾದ ಪದಾರ್ಥಗಳು. ರೊಟ್ಟಿಯೇ ಇಲ್ಲಿ ತಾಟು. ಎಳ್ಳು, ಶೇಂಗಾ, ಸಜ್ಜೆ, ಬೆಲ್ಲಗಳೆಲ್ಲ ಮೈಗೆ ಬಿಸಿ ಎಂದು ಹಳಬರು ಚಳಿಗಾಲಕ್ಕೆ ಆರಿಸಿಕೊಂಡವು. ಬೇರೇನಲ್ಲದಿದ್ದರೂ ಎಣ್ಣೆಯಂಶ ಹೆಚ್ಚಿರುವ ಈ ಕಾಳುಗಳು ಹೊಲ ಸುತ್ತಿ ದಣಿದ ಮೈಗೆ ಕಸುವು ಕೊಡುವುದಂತೂ ನಿಜ.

ಬೀದರ, ಕಲಬುರ್ಗಿ ಕಡೆ ಇದಕ್ಕೆ ಎರಡು ವಿಶೇಷಗಳು ಸೇರುತ್ತವೆ: ಭಜ್ಜಿ ಮತ್ತು ಅಂಬಲಿ. ಭಜ್ಜಿ ಎಂದೊಡನೆ ಬೆಂಗಳೂರಿನವರು ಎಣ್ಣೆಯಲ್ಲಿ ಕರಿದ ಮೆಣಸಿನಕಾಯಿ ಬಜ್ಜಿಯನ್ನು ನೆನೆಯಬಾರದು. ಹಸಿ ತೊಗರಿ, ಹಸಿ ಕಡಲೆ, ಅವರೆ, ಬಟಾಣಿ, ಆ ಕಾಲಕ್ಕೆ ಸಿಗುವ ಸೊಪ್ಪು ತರಕಾರಿಗಳನ್ನೆಲ್ಲ ಒಂದೇ ಪಾತ್ರೆಯಲ್ಲಿ ಬೇಯಿಸಿ, ಹುಣಸೆಹುಳಿ ಮತ್ತು ಕಡಲೆಹಿಟ್ಟು ಕೂಡಿಸಿ ಗಟ್ಟಿಯಾಗಿ ಕುದಿಸಿದ ಪಲ್ಯ ಅದು. ಆ ವಾರ ಹೊಲದಲ್ಲಿ ಏನೇನಿದೆಯೋ ಅದೆಲ್ಲವೂ ಭಜ್ಜಿಯಲ್ಲಿದೆ. ಅಂಬಲಿ ಜೋಳದ ಹಿಟ್ಟು, ಮಜ್ಜಿಗೆ, ಬೆಳ್ಳುಳ್ಳಿ, ಜೀರಿಗೆಗಳದ್ದು; ಮಣ್ಣಿನ ಗಡಿಗೆಯಲ್ಲಿ ತಂಪಾಗಿ ಕುಳಿತಿರುತ್ತದೆ.

ಈ ಎರಡು ಅಡುಗೆಗಳು ಇನ್ನೊಂದು ಸಂಗತಿಯನ್ನೂ ಹೇಳುತ್ತವೆ. ಮಹಾರಾಷ್ಟ್ರದ ಲಾತೂರ ಸುತ್ತಲಿನ ಮರಾಠಿ ರೈತರು ಇದೇ ದಿನ ಇದೇ ಭಜ್ಜಿ, ಇದೇ ಅಂಬಲಿಯೊಡನೆ ಹೊಲಕ್ಕೆ ಹೋಗುತ್ತಾರೆ. ಅವರ ಬಾಯಲ್ಲಿ ಇದು ‘ವೇಳಾ ಅಮಾವಾಸ್ಯೆ’, ಆಡುಮಾತಿನಲ್ಲಿ ‘ಯೇಳವಸ’. ಆ ಹೆಸರಿನ ಒಳಗೆ ಕನ್ನಡದ ‘ಎಳ್ಳ’ ಕೇಳಿದಂತಾಗುತ್ತದೆ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಹೈದರಾಬಾದ್ ಸಂಸ್ಥಾನ ಒಡೆದು ಹಂಚಿಹೋದಾಗ ಬೀದರ ಜಿಲ್ಲೆಯ ಉದಗೀರ, ನಿಲಂಗಾ, ಅಹಮದಪುರ ತಾಲ್ಲೂಕುಗಳು ಅಂದಿನ ಮುಂಬಯಿ ರಾಜ್ಯಕ್ಕೆ ಸೇರಿದವು. ಗಡಿಯ ಗೆರೆ ಹೊಲಗಳ ನಡುವೆ ಹಾದುಹೋಯಿತು. ಮಣ್ಣು ಮಾತ್ರ ಎರಡೂ ಕಡೆ ಕರಿಯದೇ ಉಳಿಯಿತು, ಹಬ್ಬವೂ ಉಳಿಯಿತು.

ಹೊಲದಲ್ಲಿ ನಡೆಯುವ ಪೂಜೆ ಬಹಳ ಸರಳ. ಪುರೋಹಿತರ ಅಗತ್ಯವಿಲ್ಲ. ಬನ್ನಿಮರದ ಬುಡದಲ್ಲೋ, ನೆಟ್ಟ ಪೈರಿನ ನಡುವೆಯೋ ಐದು ಕಲ್ಲುಗಳನ್ನು ತೊಳೆದು ಸಾಲಾಗಿ ಇಡುತ್ತಾರೆ. ಅವರೇ ಪಂಚಪಾಂಡವರು. ಸುಣ್ಣ, ಅರಿಷಿಣ, ಕುಂಕುಮ ಹಚ್ಚಿ ಎಲ್ಲ ಅಡುಗೆಯ ಎಡೆ ಹಿಡಿಯುತ್ತಾರೆ. ಆಮೇಲೆ ಮುಖ್ಯ ಕಾರ್ಯ: ಚರಗ ಚೆಲ್ಲುವುದು. ಮಾಡಿದ ಅಡುಗೆಯಲ್ಲಿ ಎಲ್ಲದರಿಂದಲೂ ಒಂದಿಷ್ಟು ತೆಗೆದು ಕಲಸಿ ಬುಟ್ಟಿಗೆ ಹಾಕಿಕೊಂಡು ಒಬ್ಬರು ಹೊಲದ ನಾಲ್ಕೂ ದಿಕ್ಕಿಗೆ ಚೆಲ್ಲುತ್ತ ನಡೆಯುತ್ತಾರೆ. ಇನ್ನೊಬ್ಬರು ಹಿಂದಿನಿಂದ ತಂಬಿಗೆಯ ನೀರು ಚಿಮುಕಿಸುತ್ತ ಬರುತ್ತಾರೆ. ಮುಂದಿನವರು ಒಂದು ಕೂಗು ಹಾಕಿದರೆ ಹಿಂದಿನವರು ಇನ್ನೊಂದು ಕೂಗಿನಿಂದ ಉತ್ತರಿಸುತ್ತಾರೆ. ಊರಿಂದೂರಿಗೆ ಬದಲಾಗುವ ಆ ಕೂಗಿನ ಅರ್ಥ ಕೇಳಿದರೆ ಹಿರಿಯರೂ ತಡವರಿಸುತ್ತಾರೆ. ಮಕ್ಕಳಿಗೆ ಅರ್ಥ ಬೇಕಿಲ್ಲ. ಗಂಟಲು ಹರಿಯುವಂತೆ ಕೂಗಲು ಪರವಾನಗಿ ಸಿಕ್ಕ ದಿನ ಅದು.

ಚರಗದ ಬಗ್ಗೆ ಇತ್ತೀಚೆಗೆ ಒಂದು ವಿವರಣೆ ಹೆಚ್ಚು ಕೇಳಿಬರುತ್ತದೆ. ಚೆಲ್ಲಿದ ಅನ್ನಕ್ಕೆ ಹಕ್ಕಿಗಳು ಬರುತ್ತವೆ, ಬಂದ ಹಕ್ಕಿಗಳು ಕಡಲೆಯ ಕಾಯಿಕೊರಕ ಹುಳುವನ್ನು ತಿನ್ನುತ್ತವೆ, ಆದ್ದರಿಂದ ಇದು ಹಿರಿಯರು ಕಂಡುಕೊಂಡ ಕೀಟ ನಿಯಂತ್ರಣ ಎಂಬುದು ಆ ವಾದ. ಇದರಲ್ಲಿ ಹುರುಳಿಲ್ಲದಿಲ್ಲ. ಕಡಲೆ ಕಾಯಿ ಕಟ್ಟುವ ಕಾಲವೇ ಕೊರಕದ ಕಾಲವೂ ಹೌದು. ಕೃಷಿ ತಜ್ಞರು ಈಗಲೂ ಹಕ್ಕಿ ಕೂರಲೆಂದು ಹೊಲದಲ್ಲಿ ಅಲ್ಲಲ್ಲಿ ಕೋಲು ನೆಡಲು ಹೇಳುತ್ತಾರೆ. ಆದರೆ ಹುಳು ಹಿಡಿಯುವುದರಲ್ಲಿ ನಿಸ್ಸೀಮನಾದ ಕಾಜಾಣ ಅನ್ನಕ್ಕೆ ಆಸೆಪಟ್ಟು ಬರುವ ಹಕ್ಕಿಯಲ್ಲ. ಒಂದು ದಿನ ಚೆಲ್ಲಿದ ಬುಟ್ಟಿ ಬುತ್ತಿಯಿಂದ ಹುಳುವಿನ ಕಾಟ ನಿಲ್ಲುವುದಾಗಿದ್ದರೆ ರೈತರು ಔಷಧದ ಅಂಗಡಿಗೆ ಸಾಲ ಮಾಡುವ ಪ್ರಮೇಯವೇ ಇರುತ್ತಿರಲಿಲ್ಲ.

ನನಗೆ ಹೆಚ್ಚು ದಿಟವೆನಿಸುವುದು ಬೇರೊಂದು ಕಾರಣ. ಚರಗ ಚೆಲ್ಲಬೇಕಾದರೆ ಇಡೀ ಮನೆ ಹೊಲದ ಅಂಚಿನುದ್ದಕ್ಕೂ ನಡೆಯಲೇಬೇಕು. ದಿನವೂ ದುಡಿಯುವವನು ಒಂದು ಮೂಲೆ ನೋಡಿದರೆ ಇನ್ನೊಂದು ಮೂಲೆ ಮರೆತಿರುತ್ತಾನೆ. ಈ ದಿನ ಎಂಟು ಹತ್ತು ಜೋಡಿ ಕಣ್ಣುಗಳು ಒಮ್ಮೆಗೇ ಪೈರನ್ನು ನೋಡುತ್ತವೆ. ಎಲ್ಲಿ ಒಡ್ಡು ಒಡೆದಿದೆ, ಎಲ್ಲಿ ಜೋಳ ತೆಳುವಾಗಿದೆ, ಎಲ್ಲಿ ಕಡಲೆ ಸಿಡಿದು ಒಣಗುತ್ತಿದೆ ಎಂಬುದೆಲ್ಲ ಕಣ್ಣಿಗೆ ಬೀಳುತ್ತದೆ. ಹಬ್ಬದ ಹೆಸರಿನಲ್ಲಿ ನಡೆಯುವ ತಪಾಸಣೆ ಇದು.

ಮಕ್ಕಳಿಗಂತೂ ಇದೊಂದು ಶಾಲೆ. ನಮ್ಮ ಹೊಲ ಇದ್ದದ್ದು ವಿಜಯಪುರ ಜಿಲ್ಲೆಯ ಡೋಣಿ ನದಿಯ ದಂಡೆಗೆ. ಚಿಕ್ಕವನಿದ್ದಾಗ ಚರಗದ ಬುಟ್ಟಿಯ ಹಿಂದೆ ಓಡುತ್ತ, “ಅಪ್ಪಾ, ನಮ್ಮ ಹೊಲ ಎಲ್ಲಿತನಾ ಐತಿ?” ಎಂದು ಕೇಳಿದ್ದೆ. ಅಪ್ಪ ಬಾಯಲ್ಲಿ ಹೇಳದೆ ಕೈಹಿಡಿದು ಕರೆದೊಯ್ದು ಬಾಂದುಕಲ್ಲಿನ ಮೇಲೆ ಕೂರಿಸಿ, “ಇಲ್ಲಿತನಾ. ಇದರಾಚಿಂದು ಕಾಕಾಂದು” ಎಂದಿದ್ದರು. ಹೋಗುವ ದಾರಿಯಲ್ಲೇ ಕಡಲೆ ಗಿಡದ ಮೇಲೆ ಕೈಯಾಡಿಸಿ ಬೆರಳು ನೆಕ್ಕಲು ಹೇಳಿದ್ದರು. ಕಡಲೆಯ ಎಲೆ ಹುಳಿ ಒಸರುತ್ತದೆ. ಬೆಳಗಿನ ಜಾವ ತೆಳುಬಟ್ಟೆಗೆ ಅದನ್ನು ಇಬ್ಬನಿಯೊಡನೆ ಹಿಡಿದು, ಹಿಂಡಿ, ಹೊಟ್ಟೆನೋವಿಗೆ ಔಷಧವೆಂದು ಇಟ್ಟುಕೊಳ್ಳುವುದನ್ನು ಅಜ್ಜಿ ತೋರಿಸಿದ್ದು ಇಂಥದೇ ಒಂದು ಅಮಾವಾಸ್ಯೆಯ ಮರುದಿನ. ಇವನ್ನೆಲ್ಲ ಯಾರೂ ಪಾಠವೆಂದು ಕಲಿಸಲಿಲ್ಲ. ಹೋಳಿಗೆಯ ಆಸೆಗೆ ಹೋದವರಿಗೆ ಹೋಳಿಗೆಯೊಡನೆ ಇದೂ ಸಿಕ್ಕಿತು.

ಹಳೆಯದನ್ನೆಲ್ಲ ಚೆನ್ನೆಂದು ಹೇಳಿ ಮುಗಿಸಿದರೆ ಅನ್ಯಾಯವಾದೀತು. ವರ್ಷವಿಡೀ ಹೊಲದಲ್ಲಿ ಕಳೆ ಕಿತ್ತವರನ್ನು ಈ ದಿನ ಊಟಕ್ಕೆ ಕರೆಯುತ್ತಿದ್ದುದು ನಿಜ. ಅವರ ಸಾಲು ಬೇರೆ, ದೂರ ಬೇರೆ ಇರುತ್ತಿದ್ದುದೂ ನಿಜ. ಭೂಮಿಯನ್ನು ತಾಯಿ ಎಂದು ಪೂಜಿಸಿದ ಮನೆಗಳಲ್ಲೇ ಪಹಣಿಯಲ್ಲಿ ತಾಯಿಯ ಹೆಸರು ಇರುತ್ತಿರಲಿಲ್ಲ. ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಗಂಡುಮಕ್ಕಳಷ್ಟೇ ಪಾಲು ಎಂದು ಹಿಂದೂ ಉತ್ತರಾಧಿಕಾರ ಕಾಯಿದೆಗೆ ದೇಶಮಟ್ಟದಲ್ಲಿ ತಿದ್ದುಪಡಿ ಬಂದದ್ದು 2005ರಲ್ಲಿ. ಎಲ್ಲಕ್ಕಿಂತ ಕಣ್ಣಿಗೆ ಹೊಡೆಯುವುದು ಊಟದ ಸರತಿ. ಮೊದಲು ಹೊಲ, ಆಮೇಲೆ ಗಂಡಸರು, ಮಕ್ಕಳು, ನೆಂಟರು. ರಾತ್ರಿಯಿಡೀ ಒಲೆಯ ಮುಂದೆ ಕುಳಿತವರು ಉಣ್ಣುವಾಗ ಹೋಳಿಗೆಯ ಬುಟ್ಟಿಯಲ್ಲಿ ಮುರುಕುಗಳಷ್ಟೇ ಉಳಿದಿರುತ್ತಿದ್ದವು. ಎಲ್ಲರಿಗೂ ರಜೆಯಾದ ಆ ದಿನ ಅವರಿಗೆ ದುಪ್ಪಟ್ಟು ಕೆಲಸವಾಗಿತ್ತು ಎಂಬುದು ಆಗ ನಮಗೆ ಹೊಳೆಯಲೇ ಇಲ್ಲ.

ಈಗ ಎತ್ತಿನ ಬಂಡಿಯ ಜಾಗಕ್ಕೆ ಟ್ರ್ಯಾಕ್ಟರು, ಕಾರು ಬಂದಿವೆ. ಖಡಕ್ ರೊಟ್ಟಿ, ಹೋಳಿಗೆಗಳು ಅಂಗಡಿಯಲ್ಲೂ ಸಿಗುತ್ತವೆ. ಕೊಂಡು ತಂದರೆ ಹಬ್ಬ ಕೆಡುತ್ತದೆ ಎನ್ನುವವರು ಮೊದಲು ತಾವು ಒಂದು ರಾತ್ರಿ ರೊಟ್ಟಿ ಬಡಿದು ನೋಡಬೇಕು. ಕೆಡುವುದು ಬೇರೆ ಕಡೆಯಿಂದ. ಹೊಲ ಲಾವಣಿಗೆ ಹೋಗಿದೆ, ಕೆಲವರದು ಮಾರಾಟವಾಗಿ ನಿವೇಶನದ ಕಲ್ಲು ನೆಟ್ಟಿದ್ದಾರೆ, ಮಕ್ಕಳು ದೂರದ ಊರುಗಳಲ್ಲಿದ್ದಾರೆ. ಅಲ್ಲಿ ಈ ಅಮಾವಾಸ್ಯೆಗೆ ರಜೆಯಿಲ್ಲ. ರಜೆ ಕೇಳಲು ಕಾರಣವೇನೆಂದು ಬರೆಯುವುದು?

ಹೋದ ಸಲ ನಾವು ಒಂದು ದಿನದ ಮಟ್ಟಿಗೆ ಎಲ್ಲರೂ ಕೂಡಿದೆವು. ಹೊಲ ಲಾವಣಿಗೆ ಮಾಡುವವರ ಮನೆಯವರೂ ಬಂದರು. ಒಂದೇ ಸಾಲಿನಲ್ಲಿ ಜಮಖಾನೆ ಹಾಸಿದೆವು. ಚರಗ ಮುಗಿದ ಮೇಲೆ ಮೊದಲ ಪಂಕ್ತಿಗೆ ಅವ್ವನನ್ನೂ ಉಳಿದ ಹೆಣ್ಣುಮಕ್ಕಳನ್ನೂ ಕೂರಿಸಬೇಕೆಂದು ಮೊಮ್ಮಕ್ಕಳು ಹಟ ಹಿಡಿದರು. ಅವ್ವ ಒಪ್ಪಲಿಲ್ಲ. “ಕೂಸುಗಳು ಹಸದಾವ, ಮೊದ್ಲ ಅವಕ್ಕ ನೀಡ್ರಿ” ಎಂದು ಸೆರಗು ಸಿಕ್ಕಿಸಿ ಎದ್ದಳು. ಎಂಟು ವರ್ಷದ ಮರಿಮೊಮ್ಮಗಳು ಅವಳ ಕೈಹಿಡಿದು ಕೂರಿಸಿ, ರೊಟ್ಟಿಯ ಮೇಲೆ ಎಣ್ಣೆಗಾಯಿ ಇಟ್ಟು ಕೈಗೆ ಕೊಟ್ಟಳು. ಅವ್ವ ಒಂದು ತುತ್ತು ಮುರಿದು ಮೊದಲು ಮಣ್ಣಿಗೆ ಹಾಕಿದಳು, ಆಮೇಲೆ ಬಾಯಿಗೆ. ಉಪ್ಪು ಕಡಿಮೆ ಆಗಿದೆ ಎಂದಳು. ಅಡುಗೆ ಅವಳದೇ ಆಗಿತ್ತು.