ಪೇಟೆಗೆ ಬಣ್ಣ ಬಳಿಯೋ ಮೊದಲು ಲೆಕ್ಕ ಹಾಕಿ: ಚಳ್ಳಕೆರೆಯಿಂದ ದೇವಸಮುದ್ರದವರೆಗೆ ಒಂದು ಪ್ರಶ್ನೆ

ನಮ್ಮ ಯಾವುದೇ ತಾಲ್ಲೂಕು ಕೇಂದ್ರದ ಬಸ್ ಸ್ಟ್ಯಾಂಡ್ ಪಕ್ಕ ನಿಂತು ನೋಡಿ. ಸರ್ಕಾರದ ಅನುದಾನದಲ್ಲಿ ಕಟ್ಟಿದ ವಾಣಿಜ್ಯ ಸಂಕೀರ್ಣ ಒಂದು ಇದ್ದೇ ಇರುತ್ತದೆ. ಕೆಳಗಿನ ಮಳಿಗೆಗಳಲ್ಲಿ ಮೊಬೈಲ್ ಅಂಗಡಿ, ಜೆರಾಕ್ಸ್, ಬೇಕರಿ. ಮೇಲಿನ ಮಹಡಿಯಲ್ಲಿ ಅರ್ಧ ಶಟರ್ ಎತ್ತಿದ್ದೇ ಇಲ್ಲ. ಅದೇ ಕಟ್ಟಡದ ಮುಂದಿನ ರಸ್ತೆಯಲ್ಲಿ ಮಾತ್ರ ಕಾಲಿಡೋಕೆ ಜಾಗ ಇಲ್ಲ: ಬಾಳೆಹಣ್ಣಿನ ಗಾಡಿ, ಸೊಪ್ಪಿನವರು, ಚಪ್ಪಲಿ ಹೊಲಿಯೋರು, ಎಗ್ ರೈಸ್.

ಇದನ್ನು ನೋಡಿದವರು ಸಾಮಾನ್ಯವಾಗಿ ಎರಡು ಮಾತು ಹೇಳುತ್ತಾರೆ. ಒಂದು, 'ನಮ್ಮ ಜನಕ್ಕೆ ಶಿಸ್ತಿಲ್ಲ'. ಇನ್ನೊಂದು, 'ಇನ್ನೊಂದು ಕಾಂಪ್ಲೆಕ್ಸ್ ಕಟ್ಟಬೇಕು'. ಎರಡೂ ತಪ್ಪು. ಖಾಲಿ ಮಳಿಗೆ ಮತ್ತು ತುಂಬಿದ ರಸ್ತೆ ಎರಡೂ ಹುಟ್ಟೋದು ಒಂದೇ ಕಾರಣದಿಂದ: ಆ ಪೇಟೆಗೆ ಯಾವ ವ್ಯಾಪಾರ ಎಷ್ಟು ಬೇಕು ಅಂತ ಕಟ್ಟಡಕ್ಕೆ ಮೊದಲು ಯಾರೂ ಲೆಕ್ಕ ಹಾಕಿರಲಿಲ್ಲ.

ಪೇಟೆಯ ಪುನರುಜ್ಜೀವನ ಅಂದರೆ ನಮ್ಮಲ್ಲಿ ರಸ್ತೆ ಅಗಲೀಕರಣ, ಪೇವರ್ ಕಲ್ಲು, ಹೈಮಾಸ್ಟ್ ದೀಪ, ಸ್ವಾಗತ ಕಮಾನು. ನಕ್ಷೆ ಮೊದಲು ಬರುತ್ತದೆ, ಟೆಂಡರ್ ಆಮೇಲೆ. ವ್ಯಾಪಾರದ ಅಗತ್ಯದ ಅಂದಾಜು ಬರೋದೇ ಇಲ್ಲ. ಆದರೆ ಆ ಅಂದಾಜು ರಾಕೆಟ್ ವಿಜ್ಞಾನವೇನಲ್ಲ. ಚಳ್ಳಕೆರೆ, ಮೊಳಕಾಲ್ಮೂರು, ದೇವಸಮುದ್ರ ಹೋಬಳಿಯನ್ನೇ ಉದಾಹರಣೆ ಇಟ್ಟುಕೊಂಡು ಒಂದೊಂದೇ ಹೆಜ್ಜೆ ನೋಡೋಣ.

ಮೊದಲ ಪ್ರಶ್ನೆ: ದುಡ್ಡು ಯಾವ ಕಡೆ ಹರಿಯುತ್ತೆ?

1931ರಲ್ಲಿ ವಿಲಿಯಂ ರೈಲಿ ಎಂಬ ಅಮೆರಿಕನ್ ಒಂದು ಸೂತ್ರ ಕೊಟ್ಟ. ಊರು ದೊಡ್ಡದಾದಷ್ಟೂ ಗಿರಾಕಿಯನ್ನು ಹೆಚ್ಚು ಎಳೆಯುತ್ತದೆ; ದೂರ ಹೆಚ್ಚಾದಷ್ಟೂ ಆ ಎಳೆತ ವರ್ಗದ ಪ್ರಮಾಣದಲ್ಲಿ ಕುಗ್ಗುತ್ತದೆ. ಹೈಸ್ಕೂಲಿನಲ್ಲಿ ಓದಿದ ನ್ಯೂಟನ್ನನ ಗುರುತ್ವದ ನಿಯಮವೇ, ಅಂಗಡಿ ಬೀದಿಗೆ ಬಂದಿದೆ ಅಷ್ಟೇ.

ಅದನ್ನು ನಮ್ಮ ಕಡೆಗೆ ಹಾಕಿ ನೋಡೋಣ. 2011ರ ಜನಗಣತಿಯಲ್ಲಿ ಬಳ್ಳಾರಿ ನಗರದ ಜನಸಂಖ್ಯೆ ಸುಮಾರು 4.1 ಲಕ್ಷ, ಚಳ್ಳಕೆರೆ ಪಟ್ಟಣದ್ದು ಸುಮಾರು 55 ಸಾವಿರ. ನಡುವಿನ ದೂರ ಹೆಚ್ಚೂಕಡಿಮೆ 100 ಕಿ.ಮೀ. ಬಳ್ಳಾರಿ ಏಳೂವರೆ ಪಟ್ಟು ದೊಡ್ಡದು; ಅದರ ವರ್ಗಮೂಲ 2.7. ನೂರನ್ನು 3.7ರಿಂದ ಭಾಗಿಸಿದರೆ 27. ಅಂದರೆ ಚಳ್ಳಕೆರೆಯ ಎಳೆತ ಬಳ್ಳಾರಿ ದಿಕ್ಕಿನಲ್ಲಿ 27 ಕಿ.ಮೀ.ಗೆ ಮುಗಿಯುತ್ತದೆ. ಆಚೆಗಿರುವ ಮೊಳಕಾಲ್ಮೂರು, ರಾಂಪುರ, ದೇವಸಮುದ್ರ ಎಲ್ಲವೂ ಈ ಸೂತ್ರದ ಪ್ರಕಾರ ಬಳ್ಳಾರಿಯ ಪಾಲು. ಜಿಲ್ಲೆ ಚಿತ್ರದುರ್ಗ, ದುಡ್ಡು ಬಳ್ಳಾರಿಗೆ.

ಸೂತ್ರ ಎಲ್ಲವನ್ನೂ ಹೇಳಲ್ಲ. ಪೂರ್ವಕ್ಕೆ ರಾಜ್ಯದ ಗಡಿ ದಾಟಿದರೆ ರಾಯದುರ್ಗ ಇದೆ. ಈ ಭಾಗದಲ್ಲಿ ಕನ್ನಡ, ತೆಲುಗು ಎರಡೂ ನಾಲಿಗೆ ಮೇಲಿರುತ್ತವೆ, ನೆಂಟಸ್ತನ ಎರಡೂ ಕಡೆ. ಗಿರಾಕಿಗೆ ಗಡಿ ಅನ್ನೋದು ನಕ್ಷೆಯ ಗೆರೆ ಮಾತ್ರ. ಬಸ್ ಎಷ್ಟು ಹೊತ್ತಿಗೊಂದು ಇದೆ, ಕೊನೆಯ ಬಸ್ ಯಾವಾಗ, ಪರಿಚಯದ ಅಂಗಡಿಯವರು ಉದ್ರಿ ಕೊಡುತ್ತಾರಾ, ಇವೆಲ್ಲ ರೈಲಿಯ ಸೂತ್ರದಲ್ಲಿಲ್ಲ. ಹಾಗಾಗಿ ಸೂತ್ರವನ್ನು ಪ್ರಶ್ನೆ ಎತ್ತೋಕೆ ಬಳಸಬೇಕು, ಉತ್ತರವನ್ನು ಜನರ ಬಾಯಿಂದ ಕೇಳಬೇಕು: ಕಳೆದ ತಿಂಗಳು ಬಟ್ಟೆ ಎಲ್ಲಿ ತಗೊಂಡ್ರಿ? ಸ್ಕ್ಯಾನಿಂಗ್ ಎಲ್ಲಿ ಮಾಡಿಸಿದ್ರಿ? ಮೋಟರ್ ರಿವೈಂಡಿಂಗಿಗೆ ಎಲ್ಲಿ ಹೋದ್ರಿ? ಬಸ್ಸಿಗೆ ಎಷ್ಟಾಯ್ತು, ಆ ದಿನದ ಕೂಲಿ ಎಷ್ಟು ಹೋಯ್ತು?

ಎರಡನೇ ಪ್ರಶ್ನೆ: ಸೋರಿಕೆಯಲ್ಲಿ ಎಷ್ಟನ್ನು ತಡೆಯಬಹುದು?

ಬಳ್ಳಾರಿಗೆ ಹೋಗೋ ದುಡ್ಡನ್ನೆಲ್ಲ ಹಿಡಿದು ನಿಲ್ಲಿಸೋಕಾಗಲ್ಲ, ನಿಲ್ಲಿಸಬೇಕಾಗಿಯೂ ಇಲ್ಲ. ಪ್ರತಿ ವ್ಯಾಪಾರಕ್ಕೂ ಬದುಕೋಕೆ ಬೇಕಾದ ಕನಿಷ್ಠ ಗಿರಾಕಿಗಳ ಸಂಖ್ಯೆ ಅಂತ ಒಂದಿರುತ್ತದೆ. ಜರ್ಮನಿಯ ಭೂಗೋಳಶಾಸ್ತ್ರಜ್ಞ ವಾಲ್ಟರ್ ಕ್ರಿಸ್ಟಾಲರ್ 1933ರಲ್ಲಿ ಊರುಗಳ ಶ್ರೇಣಿಯನ್ನು ವಿವರಿಸಿದ್ದು ಈ ವಿಚಾರದ ಮೇಲೆಯೇ. ಹಿಟ್ಟಿನ ಗಿರಣಿಗೆ ನಾಲ್ಕು ಕೇರಿ ಸಾಕು. ಔಷಧಿ ಅಂಗಡಿಗೆ ನಾಲ್ಕು ಹಳ್ಳಿ ಬೇಕು. ದೊಡ್ಡ ಜವಳಿ ಅಂಗಡಿಗೆ ಒಂದು ತಾಲ್ಲೂಕೂ ಸಾಲದಿರಬಹುದು.

ಆದ್ದರಿಂದ ಕೇಳಬೇಕಾದ್ದು 'ಇಲ್ಲಿ ಏನಿಲ್ಲ?' ಅಂತಲ್ಲ. 'ಇಲ್ಲಿ ಇಲ್ಲದ್ದರಲ್ಲಿ ಯಾವುದು ಇಲ್ಲಿನ ಜನರ ಖರ್ಚಿನ ಮೇಲೆ ನಿಲ್ಲಬಲ್ಲದು?' ಅಂತ. ಮೊದಲ ಪ್ರಶ್ನೆಯಿಂದ ಬರೋದು ಆಸೆಗಳ ಪಟ್ಟಿ, ಎರಡನೆಯದರಿಂದ ಯೋಜನೆ.

ಇಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಪೇಟೆಯ ಅಗತ್ಯ ಅಂದ ತಕ್ಷಣ ನಾವು ಕೊಳ್ಳುವವರ ಅಗತ್ಯ ಮಾತ್ರ ಯೋಚಿಸುತ್ತೇವೆ. ಮೊಳಕಾಲ್ಮೂರು ರೇಷ್ಮೆ ಸೀರೆ ನೇಯುವ ಊರು. ಆ ಸೀರೆಗೆ ಜಿಐ ಟ್ಯಾಗ್ ಇದೆ. ಮಗ್ಗದ ಮುಂದೆ ಕೂತವರಿಗೆ ಬೇಕಾಗಿರೋದು ಇನ್ನೊಂದು ಬಟ್ಟೆ ಅಂಗಡಿಯಲ್ಲ. ನ್ಯಾಯವಾದ ಬೆಲೆಗೆ ರೇಷ್ಮೆ ನೂಲು, ಜರಿ, ಬಣ್ಣ ಹಾಕೋ ಜಾಗ, ಮಗ್ಗ ರಿಪೇರಿ, ಮಧ್ಯವರ್ತಿ ಇಲ್ಲದೆ ಸೀರೆ ಮಾರೋಕೆ ಒಂದು ಕೌಂಟರ್, ಕೊರಿಯರ್ ಸೌಲಭ್ಯ. ಉತ್ಪಾದಕರ ಊರಿನಲ್ಲಿ ವಾಣಿಜ್ಯ ಸಂಕೀರ್ಣ ಕಟ್ಟೋರು ಈ ಪಟ್ಟಿಯಿಂದ ಶುರು ಮಾಡಬೇಕು. ಚಳ್ಳಕೆರೆ ಕಡೆಯ ಕುರಿ ಸಾಕುವವರಿಗೆ, ಕಂಬಳಿ ನೇಯುವವರಿಗೂ ಇದೇ ಮಾತು ಅನ್ವಯ.

ಮೂರನೇ ಪ್ರಶ್ನೆ: ಆ ಬಾಡಿಗೆ ಕಟ್ಟೋಕೆ ದಿನಕ್ಕೆ ಎಷ್ಟು ವ್ಯಾಪಾರ ಆಗಬೇಕು?

ಮೇಲ್ಮಹಡಿ ಮಳಿಗೆ ಯಾಕೆ ಖಾಲಿ ಅನ್ನೋದಕ್ಕೆ ಉತ್ತರ ಇಲ್ಲಿದೆ. ಲೆಕ್ಕಕ್ಕಾಗಿ ಹೀಗಂದುಕೊಳ್ಳಿ: ಬಾಡಿಗೆ 6,000, ಕರೆಂಟು ಮತ್ತಿತರ ಖರ್ಚು 1,500, ಒಬ್ಬ ಹುಡುಗನ ಸಂಬಳ 9,000. ತಿಂಗಳಿಗೆ 16,500 ರೂಪಾಯಿ. ನೂರಕ್ಕೆ ಹತ್ತು ರೂಪಾಯಿ ಲಾಭ ಸಿಗೋ ವ್ಯಾಪಾರ ಆದರೆ, ಬರೀ ಖರ್ಚು ಹುಟ್ಟೋಕೆ ತಿಂಗಳಿಗೆ 1,65,000 ರೂಪಾಯಿ, ದಿನಕ್ಕೆ 5,500 ರೂಪಾಯಿ ವ್ಯಾಪಾರ ಆಗಬೇಕು. ಮಾಲೀಕರ ಮನೆಯ ಒಲೆ ಹೊತ್ತಿಸೋ ದುಡ್ಡು ಅದರ ಮೇಲೆ.

ಈಗ ಗಿರಾಕಿ ಮೆಟ್ಟಿಲು ಹತ್ತಬೇಕು. ಟೈಲರ್, ಟ್ಯುಟೋರಿಯಲ್, ಆಡಿಟರ್, ವಕೀಲರಿಗಾದರೆ ಜನ ಹತ್ತುತ್ತಾರೆ, ಯಾಕಂದರೆ ಅವರನ್ನು ಹುಡುಕಿಕೊಂಡೇ ಬಂದಿರುತ್ತಾರೆ. ಕೊತ್ತಂಬರಿ ಸೊಪ್ಪಿಗೆ ಯಾರೂ ಹತ್ತಲ್ಲ. ಹೋಗೋ ದಾರಿಯಲ್ಲಿ ಕಣ್ಣಿಗೆ ಬಿದ್ದರೆ ಮಾತ್ರ ಮಾರಾಟವಾಗುವ ವಸ್ತುವನ್ನು ಮೇಲಕ್ಕೆ ಕಳಿಸಿದರೆ ಅದು ನಾಲ್ಕು ದಿನದಲ್ಲಿ ಮತ್ತೆ ರಸ್ತೆಗೇ ಇಳಿಯುತ್ತದೆ. ಇದು ಅಶಿಸ್ತಲ್ಲ, ಹೊಟ್ಟೆಪಾಡಿನ ಲೆಕ್ಕ.

ಇದಕ್ಕೆ ಹರಾಜಿನ ಪದ್ಧತಿ ಸೇರಿಸಿಕೊಳ್ಳಿ. ಪುರಸಭೆ, ಪಟ್ಟಣ ಪಂಚಾಯಿತಿಗಳು ಮಳಿಗೆಗಳನ್ನು ಹರಾಜಿನಲ್ಲಿ ಕೊಡುತ್ತವೆ. ಹೆಚ್ಚು ಕೂಗಿದವರಿಗೆ ಮಳಿಗೆ. ಸಂಸ್ಥೆಗೆ ಆದಾಯ ಬೇಕು, ನಿಜ. ಆದರೆ ಪೇಟೆಗೆ ಯಾವ ವ್ಯಾಪಾರ ಬೇಕು ಅನ್ನೋ ಪ್ರಶ್ನೆಯನ್ನು ಹರಾಜು ಕೇಳೋದೇ ಇಲ್ಲ. ಹಣ ಇರುವವರು ಹಿಡಿದು, ಒಳಬಾಡಿಗೆಗೆ ಕೊಟ್ಟು, ನಡುವೆ ಕೂತು ಉಣ್ಣೋಕೆ ಇದೇ ದಾರಿಯಾಗುತ್ತದೆ.

ನಾಲ್ಕನೇ ಪ್ರಶ್ನೆ: ಈಗಾಗಲೇ ಇರೋರು ಎಷ್ಟು ಜನ?

ಇದಕ್ಕೆ ಕಾನೂನೇ ಇದೆ. ಬೀದಿ ವ್ಯಾಪಾರಿಗಳ ಜೀವನೋಪಾಯ ರಕ್ಷಣೆ ಮತ್ತು ನಿಯಂತ್ರಣ ಕಾಯ್ದೆ, 2014. ಐದು ವರ್ಷಕ್ಕೊಮ್ಮೆಯಾದರೂ ಬೀದಿ ವ್ಯಾಪಾರಿಗಳ ಸಮೀಕ್ಷೆ ಆಗಬೇಕು. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಆಮೇಲೂ ಸ್ಥಳಾಂತರಿಸಬೇಕಾದರೆ 30 ದಿನಗಳ ನೋಟಿಸ್ ಬೇಕು. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40 ಮಂದಿ ಬೀದಿ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಪಾಲು ಹೆಣ್ಣುಮಕ್ಕಳು. ಪಟ್ಟಣದ ಜನಸಂಖ್ಯೆಯ ಶೇ 2.5ರಷ್ಟು ವ್ಯಾಪಾರಿಗಳಿಗೆ ಜಾಗ ಮಾಡಿಕೊಡುವುದು ಕಾಯ್ದೆಯ ಅಳತೆಗೋಲು.

ಚಳ್ಳಕೆರೆಯ 55 ಸಾವಿರಕ್ಕೆ ಶೇ 2.5 ಅಂದರೆ 1,375 ಜನ. ಅದೂ 2011ರ ಲೆಕ್ಕ. ಮುಂದಿನ ಜನಗಣತಿ 2027ಕ್ಕೆ ನಿಗದಿಯಾಗಿದೆ, ಅಂದರೆ ಹದಿನಾರು ವರ್ಷದ ಹಳೆಯ ಸಂಖ್ಯೆಯ ಮೇಲೆ ಇವತ್ತಿನ ಪೇಟೆಯನ್ನು ಅಳೆಯುತ್ತಿದ್ದೇವೆ. ಇನ್ನೊಂದು ತೊಡಕು: ಕಾಯ್ದೆ ಬರೆದಿರೋದು ನಗರ ಸ್ಥಳೀಯ ಸಂಸ್ಥೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು. ಮೊಳಕಾಲ್ಮೂರು ಪಟ್ಟಣ ಪಂಚಾಯಿತಿ ಅದರೊಳಗೆ ಬರುತ್ತದೆ. ಹೆದ್ದಾರಿ ಬದಿಯಲ್ಲಿ ಪೇಟೆಯಾಗಿ ಬೆಳೆದಿರುವ ರಾಂಪುರ, ಹೋಬಳಿ ಕೇಂದ್ರವಾದ ದೇವಸಮುದ್ರ ಗ್ರಾಮ ಪಂಚಾಯಿತಿಗಳು. ವ್ಯಾಪಾರ ಪಟ್ಟಣದ್ದು, ಆಡಳಿತ ಹಳ್ಳಿಯದು. ಇಂಥ ಕಡೆ ರಸ್ತೆ ಅಗಲವಾದಾಗ ಮೊದಲು ಏಳಬೇಕಾದವರ ಹೆಸರು ಯಾವ ಪಟ್ಟಿಯಲ್ಲೂ ಇರುವುದಿಲ್ಲ.

ಐದನೇ ಪ್ರಶ್ನೆ: ಕೆಲಸ ನಡೆಯುವಾಗ ಯಾರು ಬದುಕುಳಿಯುತ್ತಾರೆ?

ಬೆಂಗಳೂರಿನ ಗಾಂಧಿ ಬಜಾರ್ ನೆನಪಿಸಿಕೊಳ್ಳಿ. ಹೂವು, ಹಣ್ಣು, ಪೂಜಾ ಸಾಮಾನು, 1943ರಿಂದ ಇರುವ ವಿದ್ಯಾರ್ಥಿ ಭವನ ಎಲ್ಲ ಸೇರಿ ಆದ ಪೇಟೆ. ನಡೆಯುವವರಿಗೆ ಅನುಕೂಲವಾಗುವಂತೆ ರಸ್ತೆಯನ್ನು ಹೊಸದಾಗಿ ರೂಪಿಸುವ ಕೆಲಸ ಶುರುವಾದಾಗ ಉದ್ದೇಶದ ಬಗ್ಗೆ ತಕರಾರು ಇದ್ದವರು ಕಡಿಮೆ. ತಕರಾರು ಬಂದದ್ದು ಬೇರೆ ಕಡೆಯಿಂದ: ಕೆಲಸ ಎಳೆದಾಗ ವ್ಯಾಪಾರ ಬಿತ್ತು ಅಂತ ಅಂಗಡಿಯವರು ದೂರಿದರು, ವಾಹನ ನಿಲ್ಲಿಸೋದು ಎಲ್ಲಿ ಅಂತ ಜಗಳವಾಯ್ತು, ಬೀದಿ ವ್ಯಾಪಾರಿಗಳು ಜಾಗ ಬಿಟ್ಟು ಸರಿಯಬೇಕಾಯ್ತು. ಒಳ್ಳೆಯ ಪಾದಚಾರಿ ಮಾರ್ಗ ಬೇಕೇ ಬೇಕು. ಆದರೆ ದಿನದ ದುಡಿಮೆಯಲ್ಲಿ ಬದುಕೋರಿಗೆ ಆರು ತಿಂಗಳು ಅನ್ನೋದು ಯೋಜನೆಯ 'ಒಂದನೇ ಹಂತ' ಅಲ್ಲ, ಬಡ್ಡಿ ಸಾಲದ ಆರು ಕಂತು.

ಮೈಸೂರಿನ ದೇವರಾಜ ಮಾರುಕಟ್ಟೆಯ ಕತೆ ಇನ್ನೊಂದು ಬಗೆ. 2016ರ ಆಗಸ್ಟ್‌ನಲ್ಲಿ ಅದರ ಒಂದು ಭಾಗ ಕುಸಿಯಿತು. ಕೆಡವಬೇಕೋ ಉಳಿಸಬೇಕೋ ಅನ್ನೋ ವಾದ ಕೋರ್ಟಿನವರೆಗೂ ಹೋಯಿತು. ಗಾರೆ, ಗೋಡೆ, ಪರಂಪರೆ ಎಲ್ಲದರ ಬಗ್ಗೆ ಚರ್ಚೆಯಾಯಿತು. ಆ ಮಾರುಕಟ್ಟೆಗೆ ಬೆಳಗ್ಗೆ ಎಷ್ಟು ಮಾಲು ಬರುತ್ತದೆ, ಯಾರು ಎಷ್ಟಕ್ಕೆ ಮಾರುತ್ತಾರೆ, ಹೊಸ ಬಾಡಿಗೆಯನ್ನು ಅವರಲ್ಲಿ ಯಾರು ತಾಳಿಕೊಳ್ಳಬಲ್ಲರು ಎಂಬುದು ಆ ಗದ್ದಲದಲ್ಲಿ ಅಷ್ಟಾಗಿ ಕೇಳಲಿಲ್ಲ.

ನಾಳೆಯ ಗಿರಾಕಿ ಯಾರು?

ಚಳ್ಳಕೆರೆಗೆ ಈ ಪ್ರಶ್ನೆ ಹೊಸದಲ್ಲ. ಒಂದು ಕಾಲಕ್ಕೆ ಶೇಂಗಾ ಎಣ್ಣೆ ಮಿಲ್ಲುಗಳಿಂದ 'ಎಣ್ಣೆ ನಗರ' ಅನ್ನಿಸಿಕೊಂಡ ಊರದು. 1994ರಲ್ಲಿ ತಾಳೆ ಎಣ್ಣೆ ಆಮದು ಮುಕ್ತವಾದ ಮೇಲೆ ದೇಶದ ಶೇಂಗಾ ಪಟ್ಟಣಗಳ ಲೆಕ್ಕವೇ ಬದಲಾಯಿತು. ಒಂದೇ ಉದ್ಯಮವನ್ನು ನಂಬಿದ ಪೇಟೆ ಆ ಉದ್ಯಮದ ಜೊತೆಗೇ ಬಾಡುತ್ತದೆ.

ಆಮೇಲೆ ಬಂದದ್ದು ವಿಜ್ಞಾನ ನಗರಿಯ ಕನಸು. ಅಮೃತಮಹಲ್ ಕಾವಲಿನಲ್ಲಿ ಡಿಆರ್‌ಡಿಒ, ಭಾರತೀಯ ವಿಜ್ಞಾನ ಸಂಸ್ಥೆ, ಭಾಭಾ ಪರಮಾಣು ಸಂಶೋಧನಾ ಕೇಂದ್ರ, ಇಸ್ರೋಗೆ ಒಟ್ಟು ಎಂಟು ಸಾವಿರ ಎಕರೆಗೂ ಹೆಚ್ಚು ಜಾಗ ಹೋಯಿತು. ಇಷ್ಟು ದೊಡ್ಡ ಸಂಸ್ಥೆಗಳು ಬಂದರೆ ಊರು ತಾನಾಗೇ ಬೆಳೆಯುತ್ತೆ ಅನ್ನೋದು ಸುಲಭದ ನಂಬಿಕೆ. ಬೇಲಿಯೊಳಗೆ ಕೆಲಸ ಮಾಡೋರು ಸಂಜೆ ತರಕಾರಿ ಎಲ್ಲಿ ಕೊಳ್ಳುತ್ತಾರೆ? ಮನೆ ಎಲ್ಲಿ ಮಾಡುತ್ತಾರೆ? ಮಕ್ಕಳನ್ನು ಯಾವ ಶಾಲೆಗೆ ಹಾಕುತ್ತಾರೆ? ಇದನ್ನು ಕೇಳದೆ ಅವರಿಗಾಗಿ ಪೇಟೆ ಕಟ್ಟಿದರೆ ಅದು ಜೂಜು. ಇನ್ನೊಂದು ಕಡೆ, ಕಾವಲಿನ ಹುಲ್ಲು ಕಳೆದುಕೊಂಡ ಕುರಿಗಾಹಿಯೂ ಇದೇ ಪೇಟೆಯ ಗಿರಾಕಿ. ಅವರ ಕೈಯಲ್ಲಿ ದುಡ್ಡು ಕಡಿಮೆಯಾದರೆ ಕಿರಾಣಿ ಅಂಗಡಿಯ ಗಲ್ಲಾಪೆಟ್ಟಿಗೆಯೂ ಹಗುರಾಗುತ್ತದೆ. ಬರೋರನ್ನು ಕೂಡಿಸಿ, ಹೋಗೋರನ್ನು ಕಳೆಯದಿದ್ದರೆ ಅದು ಲೆಕ್ಕ ಅನ್ನಿಸಿಕೊಳ್ಳಲ್ಲ.

'ಲೆಕ್ಕ ಹಾಕ್ತಾ ಕೂತರೆ ಅನುದಾನ ವಾಪಸ್ ಹೋಗುತ್ತೆ'

ಅಧಿಕಾರಿಗಳು ಹೇಳೋ ಮಾತಿದು, ಅದರಲ್ಲಿ ಸತ್ಯವೂ ಇದೆ. ಮಾರ್ಚ್ ಅಂತ್ಯ ಯಾರಿಗೂ ಕಾಯಲ್ಲ. ಆದರೆ ಈ ಸಮೀಕ್ಷೆಗೆ ವರ್ಷ ಬೇಕಾಗಿಲ್ಲ. ಎರಡು ವಾರ ಸಾಕು. ಸಂತೆ ದಿನ ಒಂದು, ಮಾಮೂಲಿ ದಿನ ಒಂದು, ಬೆಳಗ್ಗೆ, ಮಧ್ಯಾಹ್ನ, ಸಂಜೆ ತಲಾ ಒಂದು ಗಂಟೆ ನಿಂತು ಓಡಾಡೋರನ್ನು ಎಣಿಸೋದು. ಪ್ರತಿ ಅಂಗಡಿ, ಪ್ರತಿ ಗಾಡಿಯನ್ನು ನಕ್ಷೆಯಲ್ಲಿ ಗುರುತಿಸೋದು. ಖಾಲಿ ಮಳಿಗೆಗಳ ಬಾಡಿಗೆ ಬರೆದುಕೊಳ್ಳೋದು. ಇನ್ನೂರು ಮನೆಗಳಲ್ಲಿ ಏನನ್ನು ಎಲ್ಲಿ ಕೊಳ್ಳುತ್ತೀರಿ ಅಂತ ಕೇಳೋದು. ಅದರಲ್ಲಿ ಊರ ಸುತ್ತಲಿನ ಹಳ್ಳಿ, ಹಟ್ಟಿಗಳ ಮನೆಗಳೂ ಇರಬೇಕು, ಉತ್ತರ ಹೆಂಗಸರಿಂದಲೂ ಬರಬೇಕು. ಸ್ಥಳೀಯ ಡಿಗ್ರಿ ಕಾಲೇಜಿನ ಅರ್ಥಶಾಸ್ತ್ರ, ವಾಣಿಜ್ಯ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಪ್ರಾಜೆಕ್ಟ್ ಇಲ್ಲ.

ಇದನ್ನು ಓದುತ್ತಿರುವವರು ಮೂರು ಪ್ರಶ್ನೆಗಳನ್ನು ನಿಮ್ಮ ಊರಿನ ಮುಖ್ಯಾಧಿಕಾರಿಗೆ ಮಾಹಿತಿ ಹಕ್ಕಿನಡಿ ಕೇಳಿ. ಪಟ್ಟಣ ವ್ಯಾಪಾರ ಸಮಿತಿ ರಚನೆಯಾಗಿದೆಯೇ, ಕೊನೆಯ ಸಭೆಯ ನಡಾವಳಿ ಕೊಡಿ. ಬೀದಿ ವ್ಯಾಪಾರಿಗಳ ಕೊನೆಯ ಸಮೀಕ್ಷೆ ಯಾವಾಗ ಆಯಿತು, ಪಟ್ಟಿ ಕೊಡಿ. ಸಂಸ್ಥೆಯ ಮಳಿಗೆಗಳಲ್ಲಿ ಎಷ್ಟು ಖಾಲಿ ಇವೆ, ಎಷ್ಟು ದಿನದಿಂದ? ಗ್ರಾಮ ಪಂಚಾಯಿತಿಯಲ್ಲಿರೋರು ಮೂರನೆಯದನ್ನು ಪಿಡಿಒಗೆ ಕೇಳಿ, ಉಳಿದೆರಡನ್ನು ಗ್ರಾಮಸಭೆಯಲ್ಲಿ ಬೇಡಿಕೆಯಾಗಿ ಇಡಿ.

ಉತ್ತರ ಬಂದರೆ ಲೆಕ್ಕ ಶುರುವಾಗುತ್ತದೆ. 'ಮಾಹಿತಿ ಲಭ್ಯವಿಲ್ಲ' ಅಂತ ಬಂದರೆ, ಮುಂದಿನ ಶಂಕುಸ್ಥಾಪನೆಗೆ ಶಾಸಕರು ಬಂದಾಗ ಆ ಕಾಗದವನ್ನೇ ಅವರ ಕೈಗೆ ಕೊಡಿ.