ಪುನರ್ವಸತಿ ವೈದ್ಯ: ಕೈಯಿಂದಲೇ ಕಲಿಯಬೇಕಾದ ವಿದ್ಯೆ

ಪ್ರಾಣವೇನೋ ಉಳಿಯಿತು, ಇನ್ನು ಮುಂದೇನು? ಪಾರ್ಶ್ವವಾಯುವಿಗೆ ತುತ್ತಾದವರನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದ ಬಂಧುಗಳು ಕೇಳಿಕೊಳ್ಳುವ ಮೊದಲ ಪ್ರಶ್ನೆ ಇದು. ಉತ್ತರ ಹೇಳಬೇಕಾದ ವೈದ್ಯಶಾಖೆಗೆ ಪುನರ್ವಸತಿ ವೈದ್ಯಶಾಸ್ತ್ರ ಎಂದು ಹೆಸರು. ಹೃದ್ರೋಗ ತಜ್ಞರು, ಮೂಳೆ ತಜ್ಞರು ಯಾರೆಂಬುದು ಎಲ್ಲರಿಗೂ ಗೊತ್ತು. ಪುನರ್ವಸತಿ ತಜ್ಞರೆಂದರೆ ಯಾರು, ಅವರು ಏನು ಮಾಡುತ್ತಾರೆ ಎಂಬುದು ಓದುಬರಹ ಬಲ್ಲ ಅನೇಕ ನಗರವಾಸಿಗಳಿಗೂ ತಿಳಿಯದು. ಈ ವಿದ್ಯೆಯ ಬಹುಭಾಗವನ್ನು ಪುಸ್ತಕದಿಂದ ಕಲಿಯಲು ಸಾಧ್ಯವಿಲ್ಲ ಎಂಬುದಂತೂ ಇನ್ನೂ ಕಡಿಮೆ ಜನರಿಗೆ ಗೊತ್ತಿರುವ ಸಂಗತಿ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಕೃಷ್ಣರಾಜಪುರದ ಐವತ್ತು ವರ್ಷದ ಆಟೊ ಚಾಲಕರೊಬ್ಬರಿಗೆ ಪಾರ್ಶ್ವವಾಯು ಬಡಿದು ಬಲಭಾಗ ಸೋತಿದೆ ಎಂದಿಟ್ಟುಕೊಳ್ಳಿ. ನಾಲ್ಕು ತಿಂಗಳು ಕಳೆಯುವಷ್ಟರಲ್ಲಿ ಕಾಲಿಗೆ ತುಸು ಶಕ್ತಿ ಬಂದಿದೆ. ಬಲಗೈ ಮಾತ್ರ ಮೊಣಕೈಯಲ್ಲಿ ಮಡಚಿಕೊಂಡು ಎದೆಗೆ ಅಂಟಿದೆ. ಮುಷ್ಟಿ ಬಿಗಿದು ಉಗುರುಗಳು ಅಂಗೈಗೆ ಒತ್ತುತ್ತಿವೆ. ಅಂಗಿ ತೊಡಿಸಲು ಮನೆಯವರು ಹರಸಾಹಸ ಪಡಬೇಕು. ಈ ಕೈಯನ್ನು ಬಿಡಿಸುವುದು ಹೇಗೆ? ಚುಚ್ಚುಮದ್ದು ಬೇಕೆ, ಪ್ಲಾಸ್ಟರ್ ಪಟ್ಟಿ ಬೇಕೆ, ಶಸ್ತ್ರಚಿಕಿತ್ಸೆಯೇ ಬೇಕೆ? ತೀರ್ಮಾನ ನಿಂತಿರುವುದು ವೈದ್ಯರ ಕೈಗೆ ಸಿಗುವ ಒಂದು ಸುಳಿವಿನ ಮೇಲೆ.

ಬಿಗಿತದಲ್ಲಿ ಎರಡು ಬಗೆ

ಮೆದುಳಿಗೆ ಪೆಟ್ಟಾದಾಗ ಸ್ನಾಯುಗಳ ಮೇಲಿನ ಹತೋಟಿ ತಪ್ಪಿ ಅವು ಬಿಗಿದುಕೊಳ್ಳುತ್ತವೆ. ಈ ಬಿಗಿತಕ್ಕೆ ಒಂದು ವಿಶೇಷ ಗುಣವಿದೆ. ಕೀಲನ್ನು ನಿಧಾನವಾಗಿ ಬಿಡಿಸಿದರೆ ಅದು ಸಡಿಲವಾಗುತ್ತದೆ, ವೇಗವಾಗಿ ಎಳೆದರೆ ತಟ್ಟನೆ ತಡೆಯೊಡ್ಡುತ್ತದೆ. ಇನ್ನೊಂದು ಬಗೆಯದು, ತಿಂಗಳುಗಟ್ಟಲೆ ಮಡಚಿಕೊಂಡೇ ಇದ್ದ ಕಾರಣ ಸ್ನಾಯುವೇ ಕುಗ್ಗಿ ಗಟ್ಟಿಯಾಗಿರುವ ಸ್ಥಿತಿ. ಇಲ್ಲಿ ಎಷ್ಟೇ ನಿಧಾನವಾಗಿ ಎಳೆದರೂ ಕೀಲು ಬಿಡುವುದಿಲ್ಲ.

ನೋಡುವ ಕಣ್ಣಿಗೆ ಎರಡೂ ಒಂದೇ ತೆರನಾಗಿ ಕಾಣುತ್ತವೆ. ಚಿಕಿತ್ಸೆ ಮಾತ್ರ ಪೂರ್ತಿ ಬೇರೆ. ಮೊದಲನೆಯದಕ್ಕೆ ಬೊಟುಲಿನಂ ಚುಚ್ಚುಮದ್ದು ಫಲ ಕೊಡಬಲ್ಲದು. ಎರಡನೆಯದಕ್ಕೆ ಅದೇ ದುಬಾರಿ ಮದ್ದನ್ನು ಚುಚ್ಚಿದರೆ ಹಣ ಹೋಗುತ್ತದೆಯೇ ಹೊರತು ಕೈ ಬಿಡುವುದಿಲ್ಲ. ಅದಕ್ಕೆ ಹಂತಹಂತವಾಗಿ ಹಾಕುವ ಪ್ಲಾಸ್ಟರ್ ಅಥವಾ ಶಸ್ತ್ರಚಿಕಿತ್ಸೆಯೇ ಬೇಕಾಗಬಹುದು. ಅನೇಕರಲ್ಲಿ ಎರಡೂ ಬೆರೆತಿರುತ್ತವೆ.

ಬಿಗಿತವನ್ನು ಅಳೆಯಲು ಜಗತ್ತಿನಾದ್ಯಂತ ಬಳಕೆಯಲ್ಲಿರುವುದು ಆಶ್ವರ್ತ್ ಮಾಪನ. ಬ್ರಿಟನ್ನಿನ ವೈದ್ಯ ಬ್ರಯಾನ್ ಆಶ್ವರ್ತ್ 1964ರಲ್ಲಿ ಇದನ್ನು ಪ್ರಕಟಿಸಿದರು. 1987ರಲ್ಲಿ ಬೊಹಾನನ್ ಮತ್ತು ಸ್ಮಿತ್ ಎಂಬ ಇಬ್ಬರು ಇದನ್ನು ಪರಿಷ್ಕರಿಸಿ ಆರು ದರ್ಜೆಗಳನ್ನಾಗಿ ಮಾಡಿದರು. ಇದಕ್ಕೆ ಯಾವ ಯಂತ್ರವೂ ಬೇಕಿಲ್ಲ. ರೋಗಿಯ ಕೈಯನ್ನು ಹಿಡಿದು ಸುಮಾರು ಒಂದು ಸೆಕೆಂಡಿನಲ್ಲಿ ಬಿಡಿಸಿದಾಗ ಪರೀಕ್ಷಕರ ಕೈಗೆ ಎಷ್ಟು ತಡೆ ತಾಕಿತು ಎಂಬುದೇ ಅಳತೆ. ಫ್ರಾನ್ಸಿನ ಟಾರ್ಡ್ಯೂ ಅವರ ಹೆಸರಿನ ಇನ್ನೊಂದು ವಿಧಾನದಲ್ಲಿ ಕೀಲನ್ನು ಒಮ್ಮೆ ನಿಧಾನವಾಗಿ, ಮತ್ತೊಮ್ಮೆ ವೇಗವಾಗಿ ಬಿಡಿಸಿ ಎರಡೂ ಸಲ ಕೋನವನ್ನು ಅಳೆಯಲಾಗುತ್ತದೆ. ಎರಡರ ನಡುವೆ ಹೆಚ್ಚು ಅಂತರವಿದ್ದರೆ ಮೆದುಳಿನ ಬಿಗಿತ ಜಾಸ್ತಿ ಎಂದೂ, ಅಂತರವೇ ಇಲ್ಲದಿದ್ದರೆ ಸ್ನಾಯು ಕುಗ್ಗಿದೆ ಎಂದೂ ಅರ್ಥ.

ಓದಿದರೆ ಐದು ನಿಮಿಷದಲ್ಲಿ ತಿಳಿಯುವ ಸಂಗತಿ ಇದು. ಆದರೆ ಒಂದೇ ರೋಗಿಯನ್ನು ಇಬ್ಬರು ಹೊಸಬರು ಪರೀಕ್ಷಿಸಿದರೆ ಎರಡು ದರ್ಜೆ ಬರೆಯುವುದುಂಟು. ಆದ್ದರಿಂದಲೇ ಪ್ರಾಯೋಗಿಕ ತರಬೇತಿಯಲ್ಲಿ ಕಲಿಯುವವರು ಒಬ್ಬರಾದ ಮೇಲೆ ಒಬ್ಬರು ಅದೇ ಕೈಯನ್ನು ಪರೀಕ್ಷಿಸಿ, ಅಂಕಿ ಬರೆದು, ಬಳಿಕ ಗುರುವಿನ ಅಂಕಿಯೊಡನೆ ಹೋಲಿಸಿ ನೋಡುತ್ತಾರೆ. ಹತ್ತಾರು ಕೈಗಳನ್ನು ಮುಟ್ಟಿದ ಮೇಲಷ್ಟೇ ಅಂದಾಜು ಕುದುರುತ್ತದೆ.

ಸೂಜಿ ಎಲ್ಲಿ ನಿಂತಿದೆ?

ಬೊಟುಲಿನಂ ಎಂಬುದು ಕೆಟ್ಟ ಆಹಾರದಲ್ಲಿ ಬೆಳೆಯುವ ಒಂದು ಬಗೆಯ ಬ್ಯಾಕ್ಟೀರಿಯ ಉತ್ಪಾದಿಸುವ ವಿಷ. ಅತ್ಯಲ್ಪ ಪ್ರಮಾಣದಲ್ಲಿ ಸ್ನಾಯುವಿಗೆ ಚುಚ್ಚಿದರೆ ನರದಿಂದ ಸ್ನಾಯುವಿಗೆ ಹೋಗುವ ರಾಸಾಯನಿಕ ಸಂದೇಶವನ್ನು ಅದು ತಡೆಯುತ್ತದೆ. ಕೆಲವು ದಿನಗಳಲ್ಲಿ ಸ್ನಾಯು ಸಡಿಲಗೊಂಡು ಆ ಪರಿಣಾಮ ಸುಮಾರು ಮೂರು ತಿಂಗಳು ಉಳಿಯುತ್ತದೆ. ಅಮೆರಿಕದಲ್ಲಿ 1989ರಲ್ಲಿ ಮೆಳ್ಳಗಣ್ಣು ಮತ್ತು ರೆಪ್ಪೆಯ ಸೆಳೆತಕ್ಕೆ ಮೊದಲು ಮಾನ್ಯತೆ ಪಡೆದ ಈ ಮದ್ದಿಗೆ, ಕೈಯ ಸ್ನಾಯು ಬಿಗಿತದ ಚಿಕಿತ್ಸೆಗಾಗಿ ಅಲ್ಲಿ ಮಾನ್ಯತೆ ಸಿಕ್ಕಿದ್ದು 2010ರಲ್ಲಿ.

ಆ ಮೂರು ತಿಂಗಳು ಒಂದು ಅವಕಾಶ ಮಾತ್ರ. ಆ ಅವಧಿಯಲ್ಲಿ ವ್ಯಾಯಾಮ, ಪಟ್ಟಿ, ಕೈ ಬಳಕೆಯ ಅಭ್ಯಾಸ ನಡೆಯದಿದ್ದರೆ ಬಿಗಿತ ಮರಳಿ ಬರುತ್ತದೆ. ಮುಂದೋಳಿನಲ್ಲಿ ಒಂದೊಂದು ಬೆರಳನ್ನು ಮಡಚುವ ಸ್ನಾಯುಭಾಗಗಳು ಪದರಪದರವಾಗಿ ಒತ್ತೊತ್ತಾಗಿವೆ. ಸೂಜಿ ಅರ್ಧ ಸೆಂಟಿಮೀಟರ್ ಆಚೀಚೆ ಆದರೂ ಮದ್ದು ಪಕ್ಕದ ಸ್ನಾಯುವಿಗೆ ಹೋಗಿ, ಅಷ್ಟಿಷ್ಟು ಕೆಲಸ ಮಾಡುತ್ತಿದ್ದ ಬೆರಳೂ ಸೋಲಬಹುದು. ಆದ್ದರಿಂದ ಅಲ್ಟ್ರಾಸೌಂಡ್ ಪರದೆ ನೋಡುತ್ತಲೋ, ಸೂಜಿಯ ಮೂಲಕ ಸಣ್ಣ ವಿದ್ಯುತ್ ಹಾಯಿಸಿ ಯಾವ ಬೆರಳು ಅಲುಗಿತು ಎಂದು ಗಮನಿಸುತ್ತಲೋ ಚುಚ್ಚುವ ಕ್ರಮ ಬಂದಿದೆ. ಒಂದು ಕೈಯಲ್ಲಿ ಅಲ್ಟ್ರಾಸೌಂಡ್ ಹಿಡಿಕೆ, ಇನ್ನೊಂದರಲ್ಲಿ ಸೂಜಿ, ಕಣ್ಣು ಪರದೆಯ ಮೇಲೆ. ಈ ಮೂರನ್ನೂ ಹೊಂದಿಸುವುದನ್ನು ಮೊದಲು ಜೆಲ್ಲಿನ ಮಾದರಿಯ ಮೇಲೋ ಮಾಂಸದ ತುಂಡಿನ ಮೇಲೋ ಅಭ್ಯಾಸ ಮಾಡಿಸಲಾಗುತ್ತದೆ.

ಬೊಟುಲಿನಂ ಕೊಳ್ಳಲಾಗದವರಿಗೆ ಫೀನಾಲ್ ಎಂಬ ಹಳೆಯ, ಅಗ್ಗದ ಮದ್ದಿದೆ. ಇದನ್ನು ನರದ ಪಕ್ಕದಲ್ಲೇ ಬಿಡಬೇಕು. ಸ್ಪರ್ಶಜ್ಞಾನದ ನರಕ್ಕೆ ತಗುಲಿದರೆ ತಿಂಗಳುಗಟ್ಟಲೆ ಉರಿನೋವು ಕಾಡಬಹುದು. ಮದ್ದು ಅಗ್ಗವಾದಷ್ಟೂ ಕೈಚಳಕ ಹೆಚ್ಚು ಬೇಕು. ಹೀಗಾಗಿ ಬಡರೋಗಿಗಳ ಪಾಲಿಗೆ ವೈದ್ಯರು ಪಡೆದ ತರಬೇತಿಯೇ ದೊಡ್ಡ ಆಸರೆ.

ತಣ್ಣನೆಯ ಕೈ ತರುವ ತಪ್ಪು

ರೋಗನಿರ್ಣಯದಲ್ಲೂ ಕತೆ ಇದೇ. ಕೈ ಜೋಮು ಹಿಡಿಯುತ್ತದೆ ಎಂದು ಬಂದವರಿಗೆ ನರವಹನ ಪರೀಕ್ಷೆ ಮಾಡಲಾಗುತ್ತದೆ. ಚರ್ಮದ ಮೇಲೆ ಸಣ್ಣ ವಿದ್ಯುತ್ ಆಘಾತ ಕೊಟ್ಟು, ಸಂದೇಶ ನರದಲ್ಲಿ ಎಷ್ಟು ವೇಗವಾಗಿ ಹರಿಯಿತು ಎಂದು ಅಳೆಯುವುದು ಇದರ ಕ್ರಮ. ಆರೋಗ್ಯವಂತರ ತೋಳಿನಲ್ಲಿ ಈ ವೇಗ ಸಾಮಾನ್ಯವಾಗಿ ಸೆಕೆಂಡಿಗೆ 50 ಮೀಟರಿಗಿಂತ ಹೆಚ್ಚು. ಆದರೆ ಕೈ ತಣ್ಣಗಿದ್ದರೆ ಒಂದೊಂದು ಡಿಗ್ರಿಗೆ ಸುಮಾರು ಎರಡು ಮೀಟರ್‌ನಷ್ಟು ವೇಗ ಇಳಿಯುತ್ತದೆ. ಹವಾನಿಯಂತ್ರಿತ ಕೊಠಡಿಯಲ್ಲಿ ಅರ್ಧ ತಾಸು ಕುಳಿತ ರೋಗಿಯ ಕೈಯನ್ನು ಬೆಚ್ಚಗೆ ಮಾಡದೆ ಪರೀಕ್ಷಿಸಿದರೆ, ಇಲ್ಲದ ನರರೋಗ ವರದಿಯಲ್ಲಿ ಕಾಣಿಸಿಕೊಳ್ಳಬಹುದು!

ಸ್ನಾಯುವಿಗೆ ಸೂಜಿ ಚುಚ್ಚಿ ಅದರ ವಿದ್ಯುತ್ ಚಟುವಟಿಕೆಯನ್ನು ಕೇಳಿಸಿಕೊಳ್ಳುವ ಇಎಂಜಿ ಪರೀಕ್ಷೆಯಲ್ಲಿ ಕಿವಿಯೂ ಪಳಗಬೇಕು. ನರದ ಸಂಪರ್ಕ ಕಳೆದುಕೊಂಡ ಸ್ನಾಯುವಿನಿಂದ ತಗಡಿನ ಸೂರಿನ ಮೇಲೆ ಮಳೆಹನಿ ಬಿದ್ದಂಥ ಸದ್ದು ಬರುತ್ತದೆ. ಇದು ನರಕ್ಕೆ ಪೆಟ್ಟಾದ ಎರಡು ಮೂರು ವಾರಗಳ ಬಳಿಕವೇ ಕೇಳಿಸುವುದು. ಅಪಘಾತವಾದ ಮೂರನೆಯ ದಿನವೇ ಪರೀಕ್ಷೆ ಮಾಡಿ ಸ್ನಾಯು ಶಾಂತವಾಗಿದೆ, ನರ ಸರಿಯಾಗಿದೆ ಎಂದು ಬರೆದುಬಿಟ್ಟರೆ ರೋಗಿಗೆ ಅನ್ಯಾಯವಾದಂತೆ. ಯಾವಾಗ ಪರೀಕ್ಷಿಸಬೇಕು, ಯಾವಾಗ ಕಾಯಬೇಕು ಎಂಬ ವಿವೇಕವೂ ಕಲಿಕೆಯ ಭಾಗ.

ದಂಡು ಪ್ರದೇಶದ ನಂಟು

ಭಾರತದಲ್ಲಿ ಈ ವಿದ್ಯೆಗೆ ನೆಲೆ ಒದಗಿಸಿದವರಲ್ಲಿ ವೆಲ್ಲೂರಿನ ಡಾ. ಮೇರಿ ವರ್ಗೀಸ್ ಅವರ ಹೆಸರು ಮುಖ್ಯ. 1954ರಲ್ಲಿ ವಾಹನ ಅಪಘಾತವೊಂದರಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಅವರ ಎರಡೂ ಕಾಲುಗಳು ಸ್ವಾಧೀನ ಕಳೆದುಕೊಂಡವು. ಗಾಲಿಕುರ್ಚಿಯಲ್ಲೇ ಕುಳಿತು ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದ ಅವರು, ಬಳಿಕ ನ್ಯೂಯಾರ್ಕಿನಲ್ಲಿ ಪುನರ್ವಸತಿ ವೈದ್ಯ ಕಲಿತು ಬಂದರು. 1966ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನ ಪುನರ್ವಸತಿ ಸಂಸ್ಥೆ ಆರಂಭವಾಯಿತು. ದಂಡು ರೈಲು ನಿಲ್ದಾಣದಲ್ಲಿ ಗಾಡಿ ಹತ್ತಿ ಕಾಟ್ಪಾಡಿಯಲ್ಲಿ ಇಳಿದು ವೆಲ್ಲೂರಿಗೆ ಹೋಗುವುದು ಬೆಂಗಳೂರಿನ ರೋಗಿಗಳಿಗೆ ಪರಿಚಿತ ಹಾದಿ.

ಅದಕ್ಕೂ ಮೊದಲೇ ದಂಡು ಪ್ರದೇಶದ ಅಂಚಿನಲ್ಲಿ ಇನ್ನೊಂದು ಪ್ರಯತ್ನ ಶುರುವಾಗಿತ್ತು. ಬಾಲ್ಯದಲ್ಲಿ ಪೋಲಿಯೊಗೆ ತುತ್ತಾಗಿದ್ದ ಎನ್.ಎಸ್. ಹೇಮಾ ಅವರು 1959ರಲ್ಲಿ ಅಂಗವಿಕಲರ ಸಂಸ್ಥೆಯನ್ನು ಹುಟ್ಟುಹಾಕಿದರು. ಎಪಿಡಿ ಎಂದೇ ಹೆಸರಾದ ಈ ಸಂಸ್ಥೆಯ ನೆಲೆ ಲಿಂಗರಾಜಪುರ. ಶಾಲೆ, ಚಿಕಿತ್ಸೆ, ಸಲಕರಣೆ, ಉದ್ಯೋಗ ತರಬೇತಿ ಎಲ್ಲವನ್ನೂ ಒಂದೇ ಎಳೆಯಲ್ಲಿ ನೋಡುವುದು ಅದರ ಕ್ರಮ. ಜೀವನ್‌ಬಿಮಾ ನಗರದಲ್ಲಿ ತೋಟಗಾರಿಕೆ ತರಬೇತಿಯೂ ನಡೆದಿದೆ. ಇಂದಿರಾನಗರದ ಕರ್ನಾಟಕ ಸ್ಪಾಸ್ಟಿಕ್ಸ್ ಸೊಸೈಟಿ ಮೆದುಳು ವಾತದ ಮಕ್ಕಳಿಗಾಗಿ ದಶಕಗಳಿಂದ ದುಡಿಯುತ್ತಿದೆ. ಶಿವಾಜಿನಗರದಲ್ಲಿ 1868ರ ಬೌರಿಂಗ್ ಆಸ್ಪತ್ರೆಯಿದೆ. ಆದರೂ ತಜ್ಞ ಚಿಕಿತ್ಸೆ ಬೇಕೆಂದಾಗ ಪೂರ್ವ ಭಾಗದ ಜನ ನಿಮ್ಹಾನ್ಸ್‌ನ ನರ ಪುನರ್ವಸತಿ ವಿಭಾಗಕ್ಕೋ ಕೋರಮಂಗಲದ ಸೇಂಟ್ ಜಾನ್ಸ್‌ಗೋ ಹೋಗುವುದುಂಟು. ನಡೆಯಲಾಗದವರನ್ನು ವಾರಕ್ಕೆರಡು ಬಾರಿ ನಗರದ ದಟ್ಟಣೆಯಲ್ಲಿ ಹೊತ್ತೊಯ್ಯುವ ಖರ್ಚು ಮತ್ತು ದಣಿವು ಅನುಭವಿಸಿದವರಿಗೇ ಗೊತ್ತು. ಎಷ್ಟೋ ಚಿಕಿತ್ಸೆಗಳು ಅರ್ಧಕ್ಕೇ ನಿಲ್ಲಲು ಇದೂ ಒಂದು ಕಾರಣ.

ಪ್ರಮಾಣಪತ್ರ ಸಾಲದು

ಅಂದಮೇಲೆ ಪಳಗಿದ ಕೈಗಳು ಬಡಾವಣೆ ಬಡಾವಣೆಗೂ ಬೇಕು. ಜಗತ್ತಿನಲ್ಲಿ ಸುಮಾರು 240 ಕೋಟಿ ಜನರಿಗೆ, ಅಂದರೆ ಮೂವರಲ್ಲಿ ಒಬ್ಬರಿಗೆ, ಪುನರ್ವಸತಿ ಸೇವೆಯಿಂದ ಪ್ರಯೋಜನವಾಗುವಂಥ ಆರೋಗ್ಯ ಸಮಸ್ಯೆಯಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ನಮ್ಮ ದೇಶದ 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಅಂಗವೈಕಲ್ಯದ ಪಟ್ಟಿಯನ್ನು 7ರಿಂದ 21ಕ್ಕೆ ಹಿಗ್ಗಿಸಿತು. ಹಕ್ಕು ಕಾಗದದ ಮೇಲಿದೆ. ಅದನ್ನು ರೋಗಿಯ ದೇಹಕ್ಕೆ ತಲುಪಿಸುವವರು ತರಬೇತಿ ಹೊಂದಿದ ವೈದ್ಯರು, ಫಿಸಿಯೊಥೆರಪಿಸ್ಟರು, ಸಲಕರಣೆ ತಯಾರಕರು ಮತ್ತು ದಾದಿಯರು.

ಎರಡು ದಿನದ ಕಾರ್ಯಾಗಾರ, ಸ್ಲೈಡುಗಳ ಉಪನ್ಯಾಸ, ಕೊನೆಗೊಂದು ಪ್ರಮಾಣಪತ್ರ. ಇಷ್ಟಕ್ಕೇ ಮುಗಿಯುವ ಕಲಿಕೆಯಿಂದ ಕೈ ಪಳಗದು. ಮೊದಲು ಒಬ್ಬರ ಮೇಲೊಬ್ಬರು ಅಭ್ಯಾಸ ಮಾಡಬೇಕು. ಬಳಿಕ ಒಪ್ಪಿಗೆ ಕೊಟ್ಟ ರೋಗಿಯ ಮುಂದೆ, ಗುರುವಿನ ಕಣ್ಗಾವಲಿನಲ್ಲಿ ಮಾಡಬೇಕು. ಮಾಡಿದ್ದರ ಫಲವೇನಾಯಿತು ಎಂದು ಮೂರು ತಿಂಗಳ ನಂತರ ಅದೇ ರೋಗಿಯನ್ನು ಕರೆದು ನೋಡಬೇಕು. ಚಪ್ಪೆಗಾಲಿನ ಕೂಸುಗಳಿಗೆ ಅಮೆರಿಕದ ಡಾ. ಇಗ್ನಾಸಿಯೊ ಪೊನ್ಸೆಟಿ ರೂಪಿಸಿದ ವಿಧಾನ ಇದಕ್ಕೆ ಒಳ್ಳೆಯ ನಿದರ್ಶನ. ವಾರಕ್ಕೊಮ್ಮೆ ಪಾದವನ್ನು ಮೃದುವಾಗಿ ತಿರುಗಿಸಿ ಪ್ಲಾಸ್ಟರ್ ಹಾಕುತ್ತ ಐದಾರು ವಾರಗಳಲ್ಲಿ ಪಾದವನ್ನು ನೇರಗೊಳಿಸುವ ಈ ಕ್ರಮದಲ್ಲಿ ಎಲ್ಲವೂ ನಿಂತಿರುವುದು ಹೆಬ್ಬೆರಳನ್ನು ಯಾವ ಮೂಳೆಯ ಮೇಲೆ ಒತ್ತಬೇಕೆಂಬ ಅರಿವಿನ ಮೇಲೆ. ಜಾಗ ತಪ್ಪಿದರೆ ಎಷ್ಟು ಪ್ಲಾಸ್ಟರ್ ಹಾಕಿದರೂ ಪಾದ ತಿರುಗದು.

ತರಬೇತಿ ಮನೆಯವರಿಗೂ ಬೇಕು. ಪಾರ್ಶ್ವವಾಯು ರೋಗಿಯನ್ನು ಸೋತ ಕೈ ಹಿಡಿದು ಎಳೆದು ಎಬ್ಬಿಸಬಾರದು, ಭುಜದ ಕೀಲು ಜಾರುವ ಅಪಾಯವಿದೆ. ಬೆನ್ನುಹುರಿಗೆ ಪೆಟ್ಟಾಗಿ ಮಲಗಿದವರನ್ನು ಸುಮಾರು ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಹಾಸಿಗೆ ಹುಣ್ಣಾಗುತ್ತದೆ. ಮೂತ್ರಕೋಶವನ್ನು ಸ್ವಚ್ಛ ನಳಿಕೆಯಿಂದ ದಿನಕ್ಕೆ ಹಲವು ಬಾರಿ ಬರಿದು ಮಾಡುವ ಕ್ರಮವನ್ನು ರೋಗಿಯೋ ಮನೆಯವರೋ ಕಲಿತರೆ ಮೂತ್ರಪಿಂಡಗಳು ಉಳಿಯುತ್ತವೆ. ಇವನ್ನು ಬಾಯಲ್ಲಿ ಹೇಳಿ ಕಳುಹಿಸಿದರೆ ಸಾಲದು. ಆಸ್ಪತ್ರೆ ಬಿಡುವ ಮುನ್ನ ಅವರ ಕೈಯಿಂದಲೇ ಮಾಡಿಸಿ ನೋಡಬೇಕು.

ಮತ್ತೆ ಆ ಆಟೊ ಚಾಲಕರ ವಿಷಯಕ್ಕೆ ಬರೋಣ. ಮೊದಲ ವಾರದಿಂದಲೇ ಕೈಯನ್ನು ಸರಿಯಾದ ಭಂಗಿಯಲ್ಲಿ ಇರಿಸಲು ಮನೆಯವರಿಗೆ ಯಾರಾದರೂ ತೋರಿಸಿಕೊಟ್ಟಿದ್ದರೆ, ಬಿಗಿತ ಶುರುವಾದಾಗಲೇ ಅದರ ಬಗೆ ಯಾವುದೆಂದು ಪಳಗಿದ ಕೈಯೊಂದು ಗುರುತಿಸಿದ್ದರೆ, ಅವರು ಮತ್ತೆ ಆಟೊ ಓಡಿಸುವರೆಂದು ಖಚಿತವಾಗಿ ಹೇಳಲಾಗದು. ಆದರೆ ತಾವೇ ಅಂಗಿ ತೊಟ್ಟು, ತಾವೇ ಉಂಡು, ಬಾಗಿಲವರೆಗೆ ನಡೆದುಬರುವಷ್ಟಾದರೂ ಚೇತರಿಸುವ ಸಾಧ್ಯತೆ ಹೆಚ್ಚು. ದಿನವಿಡೀ ಆರೈಕೆಗೆ ನಿಂತ ಪತ್ನಿಗೋ ಮಗಳಿಗೋ ಮತ್ತೆ ದುಡಿಮೆಗೆ ಹೋಗಲು ಬಿಡುವು ಸಿಗುತ್ತದೆ. ಆ ಮನೆಯ ಮಟ್ಟಿಗೆ ಅದು ಸಣ್ಣ ಸಂಗತಿಯೇನಲ್ಲ.