ಮಾತಾಡೋ ರೇಡಿಯೋನ ಮರೆತರೆ ನಷ್ಟ ಯಾರಿಗೆ?

ರಾಜಾಜಿನಗರ, ವಿಜಯನಗರದ ಅಂಗಡಿ ಸಾಲಿನಲ್ಲಿ ಒಂದು ಕಾಲಕ್ಕೆ ಗಡಿಯಾರ ನೋಡುವ ಕೆಲಸವೇ ಇರಲಿಲ್ಲ. ಸಂಸ್ಕೃತ ವಾರ್ತೆ ಶುರುವಾಯಿತೆಂದರೆ ಬೆಳಿಗ್ಗೆ 6.55. ಬಸ್ಸಿಗೆ ಹೊರಟವರ ಕಾಲು ತಾನಾಗಿ ಚುರುಕಾಗುತ್ತಿತ್ತು.

1955ರ ನವೆಂಬರ್ 2ರಂದು ಆಕಾಶವಾಣಿಯ ಬೆಂಗಳೂರು ನಿಲಯ ಆರಂಭವಾಯಿತು. ಅದಕ್ಕೂ ಇಪ್ಪತ್ತು ವರ್ಷ ಮೊದಲೇ, 1935ರಲ್ಲಿ, ಪ್ರೊ. ಎಂ.ವಿ. ಗೋಪಾಲಸ್ವಾಮಿ ಮೈಸೂರಿನ ತಮ್ಮ ಮನೆಯಿಂದಲೇ ಪ್ರಸಾರ ನಡೆಸಿದ್ದರು. 'ಆಕಾಶವಾಣಿ' ಎಂಬ ಹೆಸರು ಬಂದದ್ದೂ ಅಲ್ಲಿಂದಲೇ.

ದಿನವಿಡೀ ಮಾತಿನ ಊಟ! ಬೆಳಿಗ್ಗೆ ಚಿಂತನ, ಪ್ರದೇಶ ಸಮಾಚಾರ, ಆಮೇಲೆ ಹೆಂಗಸರ ಕಾರ್ಯಕ್ರಮ, ಹುಡುಗರಿಗೆ ಯುವವಾಣಿ, ಸಂಜೆ ಕೆಂಗೇರಿ ಕಡೆಯ ರೈತರಿಗೆ ಕೃಷಿರಂಗ, ರಾತ್ರಿ ನಾಟಕ. ಎ.ಎಸ್. ಮೂರ್ತಿಯವರನ್ನಂತೂ ಜನ 'ಆಕಾಶವಾಣಿ ಈರಣ್ಣ' ಅಂತಲೇ ಕರೆದರು. ಇಷ್ಟು ಕೇಳೋಕೆ ಅಂಚೆ ಕಚೇರಿಯಲ್ಲಿ ವರ್ಷ ವರ್ಷ ಲೈಸೆನ್ಸ್ ದುಡ್ಡು ಕಟ್ಟಬೇಕಿತ್ತು. 1980ರ ದಶಕದಲ್ಲಿ ಆ ಕಾಟ ತಪ್ಪಿತು.

2001ರಲ್ಲಿ ಬೆಂಗಳೂರಿಗೆ ಖಾಸಗಿ ಎಫ್ಎಂ ಬಂತು. ಹಾಡಿಗೇನೂ ಬರವಿಲ್ಲ. ಆದರೆ ಸರ್ಕಾರದ ನಿಯಮದ ಪ್ರಕಾರ ಖಾಸಗಿ ಎಫ್ಎಂನವರು ಸ್ವಂತ ಸುದ್ದಿ ಓದುವಂತಿಲ್ಲ. ಬೇಕಾದರೆ ಆಕಾಶವಾಣಿ ವಾರ್ತೆಯನ್ನೇ ಇದ್ದ ಹಾಗೆ ಹಾಕಬಹುದು. ಅಂದಮೇಲೆ ಆಕಾಶವಾಣಿಯನ್ನು ಕೇಳೋರು ಕಮ್ಮಿಯಾದರೆ ರೇಡಿಯೋದಲ್ಲಿ ಸುದ್ದಿಗೆ ಬೇರೆ ಗತಿ ಎಲ್ಲಿದೆ?

ಟಿವಿ ನೋಡುತ್ತಾ ತಕ್ಕಡಿ ತೂಗಿದರೆ ಲೆಕ್ಕ ತಪ್ಪುತ್ತೆ. ರೇಡಿಯೋ ಕೇಳೋದು ಕಿವಿಯೊಂದನ್ನೇ. ಹಳೇ ಪೆಟ್ಟಿಗೆ ಕೆಟ್ಟಿದ್ದರೂ ಚಿಂತೆಯಿಲ್ಲ. ಮೊಬೈಲಿನ 'ನ್ಯೂಸ್ ಆನ್ ಏರ್' ಆಪ್‌ನಲ್ಲಿ ಬೆಂಗಳೂರು ನಿಲಯವೂ ಸಿಗುತ್ತೆ. ಬಸ್ಸಿನಲ್ಲಿ ಕೂತಾಗ ಒಮ್ಮೆ ಹಾಕಿ ನೋಡಿ.